ಚರ್ಚಿನ ಅಂಗಳದ ಹಳೆಯ ಕೆತ್ತನೆ ಗೋರಿ ಉಬ್ಬಿ ಬಿರುಕು ಬಿಟ್ಟಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಾವು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ, ಸ್ಟ್ರೌಡ್ ಹತ್ತಿರದ ಹಳ್ಳಿಯೊಂದರಲ್ಲಿದ್ದೇವೆ. ಊರಿನ ಚರ್ಚಿನ ಅಂಗಳವನ್ನು ನೋಡಿಕೊಳ್ಳುವ ಸ್ವಯಂಸೇವಕರ ಗುಂಪಿಗೆ ನಾನೂ ಸೇರಿದ್ದೇನೆ. ಅಲ್ಲಿ 1700ರ ಆಸುಪಾಸಿನ, ಪೆಟ್ಟಿಗೆಯಾಕಾರದ ಒಂದು ಕಲ್ಲಿನ ಗೋರಿ ಇದೆ. ನಾಲ್ಕೂ ಕಡೆ ಹೂಬಳ್ಳಿ, ದೇವದೂತರ ಮುಖಗಳ ಕೆತ್ತನೆ. ಒಂದು ಪಕ್ಕದ ಚಪ್ಪಡಿ ಹೊರಕ್ಕೆ ಉಬ್ಬಿದೆ, ಮೂಲೆ ಸೀಳಿದೆ, ಕೆಲವು ಕಡೆ ಕಲ್ಲು ಪುಡಿಯಾಗಿ ಉದುರುತ್ತಿದೆ. ಮೇಲೆಲ್ಲ ಕಿತ್ತಳೆ, ಬಿಳಿ ಬಣ್ಣದ ಕಲೆಗಳು, ಒಂದು ಬದಿಗೆ ಐವಿ ಬಳ್ಳಿ. ಐವಿ ಕಿತ್ತು, ಪ್ರೆಶರ್ ವಾಷರ್‌ನಿಂದ ತೊಳೆದು, ಬಿರುಕಿಗೆ ಸಿಮೆಂಟ್ ತುಂಬಿದರೆ ಆಗದೇ? ಬರಹವನ್ನು ಓದಲು ಏನಾದರೂ ದಾರಿ ಇದೆಯೇ? ಅನುಮತಿ ಯಾರಿಂದ ಪಡೆಯಬೇಕು?

ಉತ್ತರ: ನೀವು ಹೇಳಿದ ಮೂರು ಕೆಲಸಗಳಲ್ಲಿ ಒಂದನ್ನೂ ಮಾಡಬೇಡಿ. ಈ ವಾರವೇ ಮಾಡಬೇಕಾದದ್ದು ಬೇರೆ ಇದೆ. ಗೋರಿಯ ಸುತ್ತ ಎರಡು ಮೀಟರ್ ದೂರದಲ್ಲಿ ಗೂಟ ನೆಟ್ಟು ಹಗ್ಗವನ್ನೋ ಜಾಲರಿಯನ್ನೋ ಕಟ್ಟಿಸಿ, ಒಂದು ಎಚ್ಚರಿಕೆಯ ಫಲಕ ಹಾಕಿಸಿ, ಚರ್ಚಿನ ಪಾದ್ರಿಗೂ ಚರ್ಚ್‌ವಾರ್ಡನ್‌ಗೂ (ಚರ್ಚಿನ ಆಸ್ತಿ ನೋಡಿಕೊಳ್ಳಲು ಆರಿಸಿದ ಸದಸ್ಯ) ಬರವಣಿಗೆಯಲ್ಲಿ ತಿಳಿಸಿ. ಗೂಟವನ್ನು ಆಳಕ್ಕೆ ಹೊಡೆಯಬೇಡಿ, ಅದು ಸಮಾಧಿ ನೆಲ. ಉಬ್ಬಿದ ಚಪ್ಪಡಿ ಎಷ್ಟು ಸಡಿಲವಾಗಿದೆ ಎಂದು ಕೈಯಿಂದ ತಳ್ಳಿ ನೋಡುವುದೂ ಬೇಡ. ಮೇಲಿನ ಮುಚ್ಚಳದ ಕಲ್ಲು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, 12 ಸೆಂ.ಮೀ. ದಪ್ಪ ಇದ್ದರೆ ಅದರ ತೂಕ ಅರ್ಧ ಟನ್ನಿಗೂ ಸ್ವಲ್ಪ ಮೇಲೆ. ಪಕ್ಕದ ಒಂದು ಚಪ್ಪಡಿಯೇ ಸುಮಾರು 250 ಕಿಲೋ ತೂಗಬಹುದು. ಅದು ಜಾರಿದರೆ ಕಾಲು ಉಳಿಯುವುದಿಲ್ಲ. ಇಂಥ ಗೋರಿಯ ಮೇಲೆ ಮಕ್ಕಳು ಹತ್ತಿ ಆಡುವುದು ಸಾಮಾನ್ಯ, ಆದ್ದರಿಂದ ಬೇಲಿಯ ಕೆಲಸವನ್ನು ಮುಂದೂಡಬೇಡಿ.

ಪೆಟ್ಟಿಗೆಯೊಳಗೆ ಏನಿದೆ?

ಇಂಥ ಗೋರಿಯನ್ನು ಅಲ್ಲಿ ಚೆಸ್ಟ್ ಟೂಂಬ್ ಎನ್ನುತ್ತಾರೆ. ನೋಡಲು ಕಲ್ಲಿನ ಶವಪೆಟ್ಟಿಗೆಯಂತೆ ಕಂಡರೂ ಅದರೊಳಗೆ ಶವ ಇರುವುದಿಲ್ಲ. ಶವ ನೆಲದೊಳಗಿನ ಗುಂಡಿಯಲ್ಲೋ ಇಟ್ಟಿಗೆ ಕಟ್ಟಿದ ನೆಲಮಾಳಿಗೆಯಲ್ಲೋ ಇರುತ್ತದೆ. ಮೇಲಿನದು ಬರೀ ಸ್ಮಾರಕ. ಕೆಳಗೆ ಒಂದು ಪೀಠದ ಸುತ್ತು, ಅದರ ಮೇಲೆ ನೆಟ್ಟಗೆ ನಿಲ್ಲಿಸಿದ ಎರಡು ಉದ್ದದ ಚಪ್ಪಡಿ, ಎರಡು ತುದಿಯ ಚಪ್ಪಡಿ, ಮೂಲೆಗಳಲ್ಲಿ ಸಣ್ಣ ಕಂಬಗಳು, ಎಲ್ಲದರ ಮೇಲೆ ಅಂಚು ಕೆತ್ತಿದ ಮುಚ್ಚಳದ ಕಲ್ಲು. ಚಪ್ಪಡಿಗಳ ದಪ್ಪ ಸಾಮಾನ್ಯವಾಗಿ 75ರಿಂದ 100 ಮಿ.ಮೀ. ಅಷ್ಟೆ. ಒಳಗೆ ಒರಟು ಕಲ್ಲು, ಇಟ್ಟಿಗೆ ಚೂರು, ಮಣ್ಣು ಬೆರೆತ ಗಾರೆಯ ತುಂಬುವಿಕೆ. ಕೆಲವದರಲ್ಲಿ ಏನೂ ಇಲ್ಲದೆ ಟೊಳ್ಳು. ಚಪ್ಪಡಿಗಳನ್ನು ಒಂದಕ್ಕೊಂದು ಹಿಡಿದಿಡಲು ಮೂಲೆಗಳಲ್ಲಿ ಕಬ್ಬಿಣದ ಕೊಂಡಿಗಳನ್ನು ತೂತಿಗಿಳಿಸಿ, ಕರಗಿಸಿದ ಸೀಸ ಹೊಯ್ದಿರುತ್ತಾರೆ. ನಿಮ್ಮ ಗೋರಿಯ ಸಂಕಟದ ಬೇರು ಬಹುಪಾಲು ಈ ಕೊಂಡಿಗಳಲ್ಲೇ ಇದೆ.

ನಿಮ್ಮ ಸುತ್ತಲಿನ ಕಾಟ್ಸ್‌ವೋಲ್ಡ್ ಗುಡ್ಡಸೀಮೆ ಇಂಥ ಗೋರಿಗಳ ಕೆಲಸಕ್ಕೆ ಹೆಸರಾದದ್ದಕ್ಕೆ ಕಾರಣ ಎರಡು: ಉಣ್ಣೆ ಬಟ್ಟೆಯ ವ್ಯಾಪಾರದ ಹಣ, ಕಾಲಡಿಯಲ್ಲೇ ಸಿಗುವ ಕಲ್ಲು. ನಿಮಗೆ ಹತ್ತಿರದ ಪೇನ್ಸ್‌ವಿಕ್‌ನ ಸೇಂಟ್ ಮೇರಿ ಚರ್ಚಿನ ಅಂಗಳಕ್ಕೆ ಒಮ್ಮೆ ಹೋಗಿ ಬನ್ನಿ. ಕತ್ತರಿಸಿ ಒಪ್ಪಮಾಡಿದ ಯೂ ಮರಗಳ ನಡುವೆ 17, 18ನೇ ಶತಮಾನದ ಬಟ್ಟೆ ವರ್ತಕರ ಗೋರಿಗಳು ಸಾಲಾಗಿ ನಿಂತಿವೆ. ಊರ ಮೇಲಿನ ಗುಡ್ಡದ ಗಣಿಯ ಕಲ್ಲನ್ನು ಊರಿನ ಕುಟಿಗರೇ ಕೆತ್ತಿದ್ದು. ಅವರಲ್ಲಿ ಬ್ರಯಾನ್ ಮನೆತನ ಪ್ರಸಿದ್ಧ. 1787ರಲ್ಲಿ ತೀರಿಕೊಂಡ ಜಾನ್ ಬ್ರಯಾನ್‌ನ ಗೋರಿ ಅಲ್ಲೇ ಪಿರಮಿಡ್ ಆಕಾರದಲ್ಲಿದೆ. ಆಕ್ಸ್‌ಫರ್ಡ್‌ಶೈರ್‌ನ ಬರ್ಫರ್ಡ್‌ನಲ್ಲಿ ಮುಚ್ಚಳದ ಮೇಲೆ ಅರ್ಧ ಉರುಳೆಯಂಥ, ಗೀರುಗಳಿರುವ ಕಲ್ಲನ್ನು ಕೂರಿಸಿದ ಗೋರಿಗಳಿವೆ. ಅದು ಉಣ್ಣೆಯ ಮೂಟೆಯ ರೂಪ ಎಂಬುದು ಊರವರ ಮಾತು. ಶವದ ಮೇಲೆ ಬಟ್ಟೆ ಹೊದಿಸಲು ಇಡುತ್ತಿದ್ದ ಕಮಾನು ಚೌಕಟ್ಟಿನ ರೂಪ ಎಂಬ ವಾದವೂ ಇದೆ, ನನಗೆ ಅದೇ ಹೆಚ್ಚು ಸರಿ ಎನಿಸುತ್ತದೆ. ಇಂಥ ನಾಲ್ಕಾರು ಗೋರಿ ನೋಡಿದ ಮೇಲೆ ನಿಮ್ಮ ಗೋರಿಯ ಯಾವ ಭಾಗ ಮೂಲದ್ದು, ಯಾವುದನ್ನು ಆಮೇಲೆ ತೇಪೆ ಹಾಕಿದ್ದಾರೆ ಎಂದು ಕಣ್ಣಿಗೆ ತಾನೇ ಹೊಳೆಯುತ್ತದೆ.

ಕಲ್ಲಿನ ಗುಣ ತಿಳಿಯದೆ ಕೈಹಾಕಬಾರದು

ಇದು ಊಲೈಟ್ ಎಂಬ ಸುಣ್ಣದ ಕಲ್ಲು. ಸುಮಾರು 17 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ, ಆಳವಿಲ್ಲದ ಕಡಲಲ್ಲಿ ಉರುಳಾಡಿದ, ರವೆಯಂಥ ದುಂಡು ಕಣಗಳು ಅಂಟಿಕೊಂಡು ಆದದ್ದು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಆದ್ದರಿಂದಲೇ ಅಷ್ಟು ನಾಜೂಕಿನ ಕೆತ್ತನೆ ಸಾಧ್ಯವಾಯಿತು. ಒಳಗಿನ ತೇವ ಆರುತ್ತ ಹೊರಬರುವಾಗ ಕರಗಿದ ಸುಣ್ಣವನ್ನು ಮೇಲ್ಮೈಗೆ ತಂದು ಬಿಡುತ್ತದೆ, ಹಾಗಾಗಿ ಹೊರಗೆ ತೆಳುವಾದ ಗಟ್ಟಿ ಚರ್ಮ ಕಟ್ಟುತ್ತದೆ. ಆ ಚರ್ಮ ಹರಿದರೆ ಒಳಗಿನದು ಮೆತ್ತನೆಯ ಪುಡಿ. ಮನೆಬಳಕೆಯ ಪ್ರೆಶರ್ ವಾಷರ್ ಕೂಡ 100 ಬಾರ್‌ಗೆ ಮೀರಿದ ಒತ್ತಡದಲ್ಲಿ ನೀರು ಚಿಮ್ಮುತ್ತದೆ. ಮುನ್ನೂರು ವರ್ಷ ಉಳಿದ ದೇವದೂತನ ಮೂಗು, ಕಣ್ಣುಗಳು ಅರ್ಧ ನಿಮಿಷದಲ್ಲಿ ಹೋಗುತ್ತವೆ. ಕರ್ನಾಟಕದ ಗ್ರಾನೈಟ್ ಕಲ್ಲನ್ನು ಉಜ್ಜಿ ತೊಳೆದು ಅಭ್ಯಾಸವಾದ ಕೈಗೆ ಈ ಕಲ್ಲು ಮೋಸ ಮಾಡುತ್ತದೆ. ಅದರ ತಾಳಿಕೆಯೇ ಬೇರೆ, ಇದರದೇ ಬೇರೆ.

ಇದೇ ಕಾರಣಕ್ಕೆ ತಂತಿ ಬ್ರಷ್, ಆಸಿಡ್, ಬ್ಲೀಚ್, ಅಂಗಡಿಯಲ್ಲಿ ಸಿಗುವ ಪಾಚಿನಾಶಕ ಯಾವುದೂ ಕೂಡದು. ಆಸಿಡ್ ಸುಣ್ಣದ ಕಲ್ಲನ್ನೇ ಕರಗಿಸುತ್ತದೆ. ಬ್ಲೀಚ್ ಉಪ್ಪನ್ನು ಕಲ್ಲಿನೊಳಗೆ ಬಿಟ್ಟುಹೋಗುತ್ತದೆ, ಆ ಉಪ್ಪು ಒಣಗಿ ಹರಳುಗಟ್ಟುವಾಗೆಲ್ಲ ಕಣಗಳನ್ನು ಬಿಡಿಸುತ್ತದೆ. ನೀರು ಬಾರದಂತೆ ಸಿಲಿಕೋನ್ ಲೇಪ ಹಚ್ಚುವ ಸಲಹೆಯನ್ನೂ ಯಾರಾದರೂ ಕೊಡಬಹುದು, ಒಪ್ಪಬೇಡಿ. ನೆಲದಿಂದ ಏರುವ ತೇವ ಆ ಲೇಪದ ಹಿಂದೆ ಸಿಕ್ಕಿಬಿದ್ದು, ಮೇಲ್ಮೈ ಹಾಳೆಹಾಳೆಯಾಗಿ ಕಳಚುತ್ತದೆ.

ಕಿತ್ತಳೆ, ಬಿಳಿ, ಬೂದು ಬಣ್ಣದ ಕಲೆಗಳು ಕೊಳೆಯಲ್ಲ, ಕಲ್ಲಿನ ಮೇಲೆ ಬೆಳೆಯುವ ಕಲ್ಲುಹೂವು (ಲೈಕೆನ್) ಎಂಬ ಜೀವಿ. ಬ್ರಿಟನ್ನಿನ ಸುಮಾರು 2000 ಬಗೆಯ ಕಲ್ಲುಹೂವುಗಳಲ್ಲಿ 700ಕ್ಕೂ ಹೆಚ್ಚು ಬಗೆ ಚರ್ಚಿನ ಅಂಗಳಗಳಲ್ಲಿ ಕಂಡುಬಂದಿವೆ. ಇವುಗಳಲ್ಲಿ ಹಲವು ಬಗೆಗಳು ಒಂದು ವರ್ಷದಲ್ಲಿ ಒಂದು ಮಿ.ಮೀ.ನಷ್ಟೂ ಬೆಳೆಯುವುದಿಲ್ಲ, ಆದ್ದರಿಂದ ಅಂಗೈಯಗಲದ ಒಂದು ಮಚ್ಚೆ ಗೋರಿಯಷ್ಟೇ ಹಳೆಯದಿರಬಹುದು. ಕೆರೆದರೆ ಕಲ್ಲಿನ ಚರ್ಮವೂ ಅದರೊಂದಿಗೇ ಬರುತ್ತದೆ. ಬಿಟ್ಟುಬಿಡಿ. ಮುಚ್ಚಳದ ಅಂಚಿನ ಕೆಳಗೆ, ಮಳೆ ತಾಗದ ಜಾಗದಲ್ಲಿ ಕಪ್ಪು ಹೆಕ್ಕಳೆ ಇದ್ದರೆ ಅದು ಬೇರೆ ಸಂಗತಿ: ಕಲ್ಲಿದ್ದಲ ಹೊಗೆಯ ಗಂಧಕ ಸುಣ್ಣದೊಂದಿಗೆ ಸೇರಿ ಜಿಪ್ಸಮ್ ಆಗಿ, ಮಸಿಯನ್ನು ಹಿಡಿದುಕೊಂಡದ್ದು. ಅದು ಗುಳ್ಳೆಯೆದ್ದು ಒಡೆಯುತ್ತದೆ. ಅದನ್ನು ತೆಗೆಯುವುದು ಕಲ್ಲಿನ ಸಂರಕ್ಷಣೆ ಕಲಿತವರ ಕೆಲಸ, ನಿಮ್ಮ ಗುಂಪಿನದಲ್ಲ.

ಸ್ವಯಂಸೇವಕರು ಮಾಡಬಹುದಾದ ಶುಚಿ ಇಷ್ಟೇ, ಅದೂ ಗೋರಿ ಭದ್ರವಾಗಿ ಬೇಲಿ ತೆಗೆದ ಮೇಲೆ: ಗಟ್ಟಿಯಾಗಿರುವ, ಉದುರದ ಭಾಗದಲ್ಲಿ ಮಾತ್ರ, ಬಿದ್ದ ಎಲೆ, ಹಕ್ಕಿಯ ಹಿಕ್ಕೆ, ಸಡಿಲ ಮಣ್ಣನ್ನು ಮೆತ್ತನೆಯ ಕೂದಲಿನ ಬ್ರಷ್‌ನಿಂದ ತೆಗೆಯುವುದು. ಉದುರುವ ಜಾಗದ ಹತ್ತಿರವೂ ಬ್ರಷ್ ಹೋಗಬಾರದು.

ಉಬ್ಬಿದ್ದು ಯಾಕೆ, ಸೀಳಿದ್ದು ಯಾಕೆ

ಮೂಲೆಯ ಸೀಳು ಮುಚ್ಚಳದ ಕೆಳಗೆ ಐದಾರು ಇಂಚಿನೊಳಗೆ ಶುರುವಾಗಿದೆಯೇ ಎಂದು ಬೇಲಿಯ ಹೊರಗಿನಿಂದಲೇ ನೋಡಿ. ಸೀಳಿನಲ್ಲಿ ಕಂದು ಕಲೆ ಇಳಿದಿದೆಯೇ? ಎರಡಕ್ಕೂ ಹೌದು ಎಂದಾದರೆ ಒಳಗಿನ ಕಬ್ಬಿಣದ ಕೊಂಡಿ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಆ ಒತ್ತಡವನ್ನು ಯಾವ ಸುಣ್ಣದ ಕಲ್ಲೂ ತಡೆಯಲಾರದು. ಉಬ್ಬಿಗೆ ಎರಡನೆಯ ಕಾರಣ ಒಳಗಿನ ತುಂಬುವಿಕೆ. ಮುಚ್ಚಳದ ಕೀಲಿನಿಂದ ಇಳಿದ ನೀರು ಗಾರೆಯ ಸುಣ್ಣವನ್ನು ತೊಳೆದುಬಿಟ್ಟಿರುತ್ತದೆ. ಕಲ್ಲುಗಳು ಕುಸಿದು ಚಪ್ಪಡಿಯನ್ನು ಹೊರಕ್ಕೆ ಒತ್ತುತ್ತವೆ. ತುಂಬುವಿಕೆ ಕುಸಿದ ಮೇಲೆ ಮುಚ್ಚಳದ ಅರ್ಧ ಟನ್ ಭಾರವನ್ನು ಹೊರುವುದು ತೆಳ್ಳನೆಯ ಚಪ್ಪಡಿಗಳೇ. ಮೂರನೆಯದು ಪಾಯ. ಇವಕ್ಕೆ ಆಳವಾದ ಪಾಯ ಹಾಕುತ್ತಿರಲಿಲ್ಲ. ಕೆಳಗಿನ ಗುಂಡಿಯ ಮಣ್ಣು ಕುಗ್ಗಿದರೆ, ಹತ್ತಿರದ ಮರದ ಬೇರು ತಳ್ಳಿದರೆ, ಒಂದು ಬದಿ ಇಳಿಯುತ್ತದೆ.

ಪುಡಿಯಾಗಿ ಉದುರುವ ಜಾಗಗಳ ಸುತ್ತ ಹಳೆಯ ಸಿಮೆಂಟ್ ಇದೆಯೇ ಎಂದೂ ನೋಡಿ. ಬೂದುಬಣ್ಣದ, ಗಟ್ಟಿಯಾದ ಕೀಲು ಕಂಡರೆ ಅದೇ. 20ನೇ ಶತಮಾನದಲ್ಲಿ ಸದುದ್ದೇಶದಿಂದಲೇ ಅನೇಕ ಗೋರಿಗಳಿಗೆ ಹೀಗೆ ತೇಪೆ ಹಾಕಿದರು. ಮೊದಲು ತೇವ ಮೆತ್ತನೆಯ ಸುಣ್ಣಗಾರೆಯ ಕೀಲಿನಿಂದ ಆರಿಹೋಗುತ್ತಿತ್ತು, ಗಾರೆ ಸವೆಯುತ್ತಿತ್ತು, ಮತ್ತೆ ಗಾರೆ ತುಂಬಿದರೆ ಸಾಕಿತ್ತು. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಕಲ್ಲಿನಿಂದಲೇ ಹೊರಬರಬೇಕಾಗುತ್ತದೆ, ಉಪ್ಪೂ ಅದರ ಜೊತೆ ಬರುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಕೊನೆಗೆ ಸಿಮೆಂಟ್ ಕೀಲು ದಿಬ್ಬದಂತೆ ನಿಂತಿರುತ್ತದೆ, ಅದರ ಎರಡೂ ಪಕ್ಕದ ಕೆತ್ತನೆ ತಗ್ಗಾಗಿ ತಿಂದುಹೋಗಿರುತ್ತದೆ. ಹಾಗಿದ್ದರೂ ಆ ಹಳೆಯ ಸಿಮೆಂಟನ್ನು ಉಳಿ ಹಿಡಿದು ಎಬ್ಬಿಸಲು ಹೋಗಬೇಡಿ, ಕಲ್ಲಿನ ಅಂಚು ಅದಕ್ಕೆ ಅಂಟಿಕೊಂಡೇ ಕಿತ್ತುಬರುತ್ತದೆ.

ಐವಿಯ ವಿಚಾರ. ಅದರ ಅಂಟುಬೇರುಗಳು ಕಲ್ಲಿನ ಮೇಲ್ಮೈಗೆ ಹಿಡಿದಿರುತ್ತವೆ, ಕಾಂಡಗಳು ಕೀಲಿನೊಳಕ್ಕೆ ಹೊಕ್ಕಿರುತ್ತವೆ. ಎಷ್ಟೋ ಸಲ ಸಡಿಲವಾದ ಗೋರಿಯನ್ನು ಹಿಡಿದು ನಿಲ್ಲಿಸಿರುವುದೇ ಐವಿ. ಎಳೆದರೆ ಚಪ್ಪಡಿಯೇ ಬರುತ್ತದೆ. ಪಾದ್ರಿಯ ಒಪ್ಪಿಗೆ ಪಡೆದು, ಹಕ್ಕಿ ಗೂಡಿಲ್ಲವೆಂದು ಖಚಿತಪಡಿಸಿಕೊಂಡು, ಹಕ್ಕಿಗಳು ಮರಿಮಾಡುವ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಾಲ ಬಿಟ್ಟು, ನೆಲಮಟ್ಟದಲ್ಲಿ ಕಾಂಡವನ್ನು ಕತ್ತರಿಸಿ. ಒಂದಡಿ ಉದ್ದದ ತುಂಡನ್ನು ತೆಗೆದುಹಾಕಿದರೆ ಮೇಲಿನದಕ್ಕೆ ಬೇರಿನ ಸಂಪರ್ಕ ತಪ್ಪುತ್ತದೆ. ಎಲೆಯೆಲ್ಲ ಒಣಗಿ ಬೇರುಗಳ ಹಿಡಿತ ಸಡಿಲಾಗುವವರೆಗೆ, ಅಂದರೆ ಒಂದು ವರ್ಷ ಅಥವಾ ಹೆಚ್ಚು, ಹಾಗೇ ಬಿಡಿ. ನಿಮ್ಮ ಗೋರಿಯಲ್ಲಿ ಚಪ್ಪಡಿ ಈಗಾಗಲೇ ಉಬ್ಬಿರುವುದರಿಂದ ಆ ಕತ್ತರಿಸುವ ಕೆಲಸವನ್ನೂ ತಜ್ಞರು ನೋಡಿದ ಮೇಲೆಯೇ ಮಾಡಿ. ಟೊಳ್ಳು ಗೋರಿಯ ಬಿರುಕಿನಲ್ಲಿ ಬಾವಲಿಗಳು ನೆಲೆಸುವುದುಂಟು. ಅವಕ್ಕೂ ಅವುಗಳ ನೆಲೆಗೂ ಕಾನೂನಿನ ರಕ್ಷಣೆ ಇದೆ.

ಹುಲ್ಲು ಕತ್ತರಿಸುವವರಿಗೂ ಒಂದು ಮಾತು ಹೇಳಿ. ಸ್ಟ್ರಿಮ್ಮರ್ ಎಂಬ ಹುಲ್ಲು ಕತ್ತರಿಸುವ ಯಂತ್ರದಲ್ಲಿ ತಿರುಗುವ ನೈಲಾನ್ ದಾರ ಪೀಠದ ಕಲ್ಲಿಗೆ ಬಡಿದು ಬಡಿದು ಅಂಚನ್ನು ಸವೆಸುತ್ತದೆ. ಭದ್ರವಾಗಿರುವ ಗೋರಿಗಳ ಸುತ್ತ ಒಂದಡಿ ಅಗಲವನ್ನು ಕತ್ತರಿಯಿಂದ ಕೈಯಲ್ಲೇ ಕತ್ತರಿಸಬೇಕು, ಈ ಗೋರಿಯ ಬೇಲಿಯೊಳಗೆ ಮಾತ್ರ ದುರಸ್ತಿಯಾಗುವವರೆಗೆ ಹೋಗಬಾರದು. ಕಳೆನಾಶಕ ಸಿಂಪಡಿಸಬಾರದು, ಬರಿದಾದ ಮಣ್ಣು ಮಳೆಯಲ್ಲಿ ಚಿಮ್ಮಿ ಕಲ್ಲಿಗೆ ಹತ್ತುತ್ತದೆ.

ಸರಿಯಾದ ದುರಸ್ತಿ ಹೇಗೆ ನಡೆಯುತ್ತದೆ

ಉಬ್ಬಿದ, ಕೊಂಡಿ ತುಕ್ಕು ಹಿಡಿದ ಗೋರಿಗೆ ಹೊರಗಿನಿಂದ ಮದ್ದಿಲ್ಲ. ಬಿಚ್ಚಿ ಕಟ್ಟಬೇಕು. ಇದನ್ನು ನೀವು ಮಾಡುವುದಿಲ್ಲ, ಆದರೂ ಕ್ರಮ ತಿಳಿದಿದ್ದರೆ ಕೊಟೇಶನ್ ಓದುವಾಗ ಕಣ್ಣು ತೆರೆದಿರುತ್ತದೆ. ಮೊದಲು ಎಲ್ಲ ಬದಿಯ ಅಳತೆ, ಚಿತ್ರ, ಫೋಟೋ. ಪ್ರತಿ ಕಲ್ಲಿಗೂ ದಾರದ ಚೀಟಿ ಕಟ್ಟಿ ಸಂಖ್ಯೆ, ಕಲ್ಲಿನ ಮೇಲೆ ಬಣ್ಣದಲ್ಲಿ ಬರೆಯುವುದಿಲ್ಲ. ಪುಡಿಯಾಗುತ್ತಿರುವ ಕೆತ್ತನೆಯನ್ನು ಬಿಚ್ಚುವ ಮೊದಲೇ ಗಟ್ಟಿಮಾಡಿಕೊಳ್ಳುತ್ತಾರೆ. ಆಮೇಲೆ ಉಕ್ಕಿನ ಚೌಕಟ್ಟು ನಿಲ್ಲಿಸಿ, ಚೈನ್ ಬ್ಲಾಕ್ (ಸರಪಳಿಯಿಂದ ಭಾರ ಎತ್ತುವ ರಾಟೆ) ಮತ್ತು ಅಗಲ ಪಟ್ಟಿಗಳಿಂದ ಮುಚ್ಚಳವನ್ನು ನೇರ ಮೇಲಕ್ಕೆ ಎತ್ತುತ್ತಾರೆ. ಹಾರೆ ಹಾಕಿ ಮೀಟಿದರೆ ಅಂಚು ಸಿಡಿಯುತ್ತದೆ. ಚಪ್ಪಡಿಗಳನ್ನು ಬಿಡಿಸಿ ಮರದ ಹಲಗೆಗಳ ಮೇಲೆ ನೆಟ್ಟಗೆ ಒರಗಿಸಿಡುತ್ತಾರೆ. ತುಂಬುವಿಕೆಯನ್ನು ಕೈಯಿಂದ ತೆಗೆಯುತ್ತಾರೆ, ಕೆತ್ತನೆಯ ಚೂರುಗಳು ಅದರೊಳಗೆ ಬಿದ್ದಿರುವುದುಂಟು. ನೆಲಮಟ್ಟದಿಂದ ಕೆಳಗೆ ಅಗೆಯಬೇಕಾದರೆ ಪುರಾತತ್ವಜ್ಞರು ಹಾಜರಿರಬೇಕು, ಏಕೆಂದರೆ ಅಲ್ಲಿ ಮನುಷ್ಯರ ಅಸ್ಥಿಗಳಿವೆ.

ಮತ್ತೆ ಕಟ್ಟುವಾಗ ಮುಖ್ಯವಾದದ್ದು, ಮುಚ್ಚಳದ ಭಾರ ಚಪ್ಪಡಿಗಳ ಮೇಲೆ ಕೂರದೆ, ಒಳಗೆ ಸುಣ್ಣಗಾರೆಯಲ್ಲಿ ಕಟ್ಟಿದ ಹೊಸ ಇಟ್ಟಿಗೆ ಗೋಡೆಯ ಮೇಲೆ ಕೂರಬೇಕು. ಹಾಗಾದರೆ ಕೆತ್ತನೆಯ ಚಪ್ಪಡಿ ತನ್ನ ಭಾರವನ್ನಷ್ಟೇ ಹೊರುತ್ತದೆ. ಕಬ್ಬಿಣದ ಕೊಂಡಿಗಳೆಲ್ಲ ಹೋಗಿ ಅವುಗಳ ಜಾಗಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬರುತ್ತದೆ. 304 ಅಗ್ಗವಾದರೂ ಯಾವಾಗಲೂ ತೇವವಿರುವ ಜಾಗದಲ್ಲಿ 316 ಕೇಳುವುದೇ ಸರಿ. ಒಳಗಿನ ಗೋಡೆಗೆ ಒಂದು ಪಾಲು ನೈಸರ್ಗಿಕ ಹೈಡ್ರಾಲಿಕ್ ಸುಣ್ಣಕ್ಕೆ (ನೀರು ತಾಗಿದಾಗ ಬಲಿಯುವ ಸುಣ್ಣ) ಎರಡೂವರೆಯಿಂದ ಮೂರು ಪಾಲು ಒರಟು ಮರಳು. ಚಪ್ಪಡಿಗಳ ನಡುವಿನ ಕೀಲು ಮೂರು ಮಿ.ಮೀ. ಆಸುಪಾಸು ಇರುವುದರಿಂದ ಅಲ್ಲಿಗೆ ಮರಳಿನ ಗಾರೆ ಹೋಗುವುದಿಲ್ಲ. ನೀರಲ್ಲಿ ಅರಳಿಸಿ ಹಳೆಯದಾದ ಸುಣ್ಣದ ಮುದ್ದೆಯನ್ನೂ ಅದೇ ಬಗೆಯ ಕಲ್ಲಿನ ನುಣ್ಣನೆಯ ಪುಡಿಯನ್ನೂ ಸುಮಾರು ಸಮಪಾಲಾಗಿ ಬೆರೆಸಿ ತುಂಬುತ್ತಾರೆ. ಗಾರೆ ಕಲ್ಲಿಗಿಂತ ಮೆತ್ತಗಿರಬೇಕು ಎಂಬುದೇ ಇಲ್ಲಿ ನಿಯಮ.

ಕಾಲವೂ ಮುಖ್ಯ. ಐದು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸುಣ್ಣಗಾರೆ ಬಲಿಯುವುದಿಲ್ಲ, ಅದು ಬಲಿಯುವ ಮುಂಚೆ ಹೆಪ್ಪುಗಟ್ಟಿದರೆ ಹಪ್ಪಳದಂತೆ ಉದುರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಕಟ್ಟಿ ಮುಗಿಸಬೇಕು. ಬಿಸಿಲು, ಗಾಳಿಗೆ ಬೇಗ ಒಣಗಿದರೂ ಕೆಡುತ್ತದೆ, ಆದ್ದರಿಂದ ಒದ್ದೆ ಗೋಣಿತಾಟು ಹೊದಿಸಿ ಕನಿಷ್ಠ ಒಂದು ವಾರ ತೇವ ಕಾಯುತ್ತಾರೆ. ಕೊಟೇಶನ್‌ನಲ್ಲಿ ನವೆಂಬರ್ ತಿಂಗಳ ಕೆಲಸ ಬರೆದಿದ್ದರೆ ಕಾರಣ ಕೇಳಿ.

ಸವೆದ ಕೆತ್ತನೆಯನ್ನು ಹೊಸದಾಗಿ ಕೆತ್ತಿಸಬೇಕೇ ಎಂಬ ಪ್ರಶ್ನೆ ಗುಂಪಿನಲ್ಲಿ ಬಂದೇ ಬರುತ್ತದೆ. ಬೇಡ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಳೆಯ ಕಲ್ಲಿನ ಮೇಲೆ ಹೊಸ ಉಳಿ ಆಡಿದರೆ, ಉಳಿದಿದ್ದ ಕುಟಿಗನ ಕೈಯ ಗುರುತೂ ಅಳಿಯುತ್ತದೆ. ಪುಡಿಯಾಗುವ ಅಂಚುಗಳಿಗೆ ಸುಣ್ಣಗಾರೆಯ ಸಣ್ಣ ಆಸರೆ, ನೀರು ನಿಲ್ಲದಂತೆ ತುಂಬಿದ ಬಿರುಕು, ಅಗತ್ಯವಿದ್ದರೆ ಸುಣ್ಣ ಮತ್ತು ಕಲ್ಲಿನ ಪುಡಿಯ ತೆಳು ಲೇಪ, ಇಷ್ಟು ಸಾಕು.

ಬರಹ ಓದುವುದು

ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಫೋಮ್ ತಿಕ್ಕಿ ಅಕ್ಷರ ಎಬ್ಬಿಸುವ ವಿಡಿಯೋಗಳನ್ನು ನಂಬಬೇಡಿ. ಕಾಗದವಿಟ್ಟು ಉಜ್ಜುವುದೂ ಉದುರುವ ಕಲ್ಲಿಗೆ ಹಾನಿ. ಬೆಳಕೇ ಸಾಕು. ಮುಸ್ಸಂಜೆಯಲ್ಲಿ, ಬೇಲಿಯ ಹೊರಗಿನಿಂದಲೇ, ಫೋನನ್ನು ಸ್ಟ್ಯಾಂಡ್ ಮೇಲೆ ಅಲುಗದಂತೆ ನಿಲ್ಲಿಸಿ. ಇನ್ನೊಬ್ಬರು ಉದ್ದ ಕೋಲಿಗೆ ಕಟ್ಟಿದ ಟಾರ್ಚನ್ನು ಚಪ್ಪಡಿಯ ಮಟ್ಟಕ್ಕೆ ಹತ್ತಿರ, 10ರಿಂದ 20 ಡಿಗ್ರಿ ಓರೆಯಲ್ಲಿ ಹಿಡಿಯಲಿ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಒಂದೊಂದು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ನೆರಳಾಗಿ ಏಳುತ್ತದೆ. ಹಗಲಲ್ಲಿ ಪಕ್ಕಪಕ್ಕದ ಫೋಟೋಗಳು ಮುಕ್ಕಾಲು ಪಾಲು ಒಂದರ ಮೇಲೊಂದು ಬರುವಂತೆ ಸುತ್ತಲೂ ತೆಗೆದಿಟ್ಟರೆ ಮೂರು ಆಯಾಮದ ಮಾದರಿಯನ್ನೂ ಮಾಡಬಹುದು. ದುರಸ್ತಿಗೆ ಮುಂಚಿನ ದಾಖಲೆಯಾಗಿಯೂ ಅದು ಅಮೂಲ್ಯ.

ಕಲ್ಲು ಕೈಕೊಟ್ಟರೆ ಕಾಗದ ಇದೆ. ಗ್ಲಾಸ್ಟರ್‌ಶೈರ್‌ನವರಿಗೆ ಒಂದು ಭಾಗ್ಯವಿದೆ: 18ನೇ ಶತಮಾನದಲ್ಲೇ ರಾಲ್ಫ್ ಬಿಗ್ಲಂಡ್ ಎಂಬವರು ಆ ಸೀಮೆಯ ಚರ್ಚುಗಳ ಒಳಗೂ ಹೊರಗೂ ಇದ್ದ ಸಮಾಧಿ ಬರಹಗಳನ್ನು ಊರೂರಿಗೆ ಬರೆದಿಟ್ಟರು. ಇಂದು ಅಳಿಸಿಹೋದ ಅನೇಕ ಹೆಸರುಗಳು ಅಲ್ಲಿವೆ. ಚರ್ಚಿನ ಸಮಾಧಿ ದಾಖಲೆಗಳು ಗ್ಲಾಸ್ಟರ್‌ಶೈರ್ ಆರ್ಕೈವ್ಸ್‌ನಲ್ಲಿ ಸಿಗುತ್ತವೆ. ದಿನಾಂಕ ಹೊಂದಿಸುವಾಗ ಒಂದು ಎಚ್ಚರ: ಇಂಗ್ಲೆಂಡಿನಲ್ಲಿ 1752ರ ಮೊದಲು ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಕಲ್ಲಿನಲ್ಲಿ 1711ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 1712.

ಅನುಮತಿ

ಗೋರಿ ಚರ್ಚಿನ ನೆಲದಲ್ಲಿದ್ದರೂ ಅದರ ಒಡೆತನ ಸತ್ತವರ ವಾರಸುದಾರರದು. ಮುನ್ನೂರು ವರ್ಷದ ಮೇಲೆ ಅವರನ್ನು ಹುಡುಕುವುದು ಕಷ್ಟ, ಆದರೂ ಹುಡುಕಲು ಪ್ರಯತ್ನಿಸಿದ್ದಕ್ಕೆ ದಾಖಲೆ ಇರಬೇಕು. ಚರ್ಚ್ ಆಫ್ ಇಂಗ್ಲೆಂಡಿನ ಅಂಗಳದಲ್ಲಿ ಇಂಥ ದುರಸ್ತಿಗೆ ಫ್ಯಾಕಲ್ಟಿ ಎಂಬ ಅನುಮತಿ ಬೇಕು. ಅದನ್ನು ಕೊಡುವವರು ಡಯಾಸಿಸ್‌ನ (ಬಿಷಪ್ ಆಡಳಿತದ ಪ್ರಾಂತ್ಯ) ನ್ಯಾಯಾಧೀಶರಾದ ಚಾನ್ಸಲರ್, ಅವರಿಗೆ ಸಲಹೆ ಕೊಡುವುದು ಡಯಾಸಿಸನ್ ಅಡ್ವೈಸರಿ ಕಮಿಟಿ. ಅರ್ಜಿಯನ್ನು ಸಾಮಾನ್ಯವಾಗಿ ಪಾದ್ರಿ ಮತ್ತು ಚರ್ಚ್‌ವಾರ್ಡನ್‌ಗಳು ಹಾಕುತ್ತಾರೆ, ಸ್ವಯಂಸೇವಕರಲ್ಲ. ಕೆಲವು ಸಣ್ಣ ಕೆಲಸಗಳಿಗೆ ಆರ್ಚ್‌ಡೀಕನ್‌ರ (ಬಿಷಪ್‌ರ ಕೈಕೆಳಗಿನ ಹಿರಿಯ ಪಾದ್ರಿ) ಲಿಖಿತ ಒಪ್ಪಿಗೆ ಸಾಕಾಗುತ್ತದೆ, ಯಾವುದಕ್ಕೆ ಯಾವುದು ಎಂದು ಕಮಿಟಿಯ ಕಾರ್ಯದರ್ಶಿಯನ್ನು ಕೇಳಿದರೆ ಹೇಳುತ್ತಾರೆ. ಸರ್ಕಾರದ ಪರಂಪರೆ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡ್‌ನ, ರಕ್ಷಿತ ಕಟ್ಟಡ ಮತ್ತು ಸ್ಮಾರಕಗಳ ರಾಷ್ಟ್ರೀಯ ಪಟ್ಟಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ನಿಮ್ಮ ಗೋರಿ ಅದರಲ್ಲಿ ಪ್ರತ್ಯೇಕವಾಗಿ ನಮೂದಾಗಿದ್ದರೆ, ಜಿಲ್ಲಾ ಕೌನ್ಸಿಲ್‌ನ ಕನ್ಸರ್ವೇಶನ್ ಆಫೀಸರ್‌ರನ್ನೂ ಕೇಳಿ, ಅವರ ಅನುಮತಿಯೂ ಬೇಕಾಗಬಹುದು. ಅಂಗಳವನ್ನು ಹೊಸ ಸಮಾಧಿಗಳಿಗೆ ಮುಚ್ಚಿದ್ದು, ಅದರ ನಿರ್ವಹಣೆ ಕೌನ್ಸಿಲ್‌ಗೆ ಹೋಗಿದ್ದರೂ ಫ್ಯಾಕಲ್ಟಿ ತಪ್ಪುವುದಿಲ್ಲ.

ತಜ್ಞರನ್ನು ಆರಿಸುವಾಗ ಬ್ರಿಟನ್ನಿನ ಸಂರಕ್ಷಕರ ವೃತ್ತಿಸಂಸ್ಥೆಯಾದ ಐಕಾನ್‌ನ ಮಾನ್ಯತೆ ಪಡೆದ, ಕಲ್ಲಿನ ಕೆಲಸದಲ್ಲಿ ಪಳಗಿದ ಸಂರಕ್ಷಕರನ್ನೇ ಕೇಳಿ. ಹೊಸ ಗೋರಿಕಲ್ಲು ನಿಲ್ಲಿಸುವ ಅಂಗಡಿಯವರಿಗೆ ಈ ಕೆಲಸದ ಅಭ್ಯಾಸ ಇರುವುದು ಕಡಿಮೆ. ಮೊದಲು ಸ್ಥಿತಿಗತಿ ವರದಿಗೆ ಮಾತ್ರ ಹಣ ಕೊಡಿ, ಅದನ್ನು ನೋಡಿ ದುರಸ್ತಿಗೆ ಇಬ್ಬರು ಮೂವರಿಂದ ಕೊಟೇಶನ್ ತರಿಸಿ. ಕೊಂಡಿಯ ಲೋಹ, ಗಾರೆಯ ಪಾಲು, ಮುಚ್ಚಳ ಎತ್ತುವ ವಿಧಾನ, ತಿಂಗಳು, ಈ ನಾಲ್ಕೂ ಕೊಟೇಶನ್‌ನಲ್ಲಿ ಬರೆದಿರಬೇಕು. ವರದಿ ಬರುವವರೆಗೆ ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು, ಕೋಲಿನ ತುದಿಗೆ ಅಳತೆಪಟ್ಟಿ ಕಟ್ಟಿ ಬಿರುಕಿನ ಪಕ್ಕಕ್ಕೆ ಚಾಚಿ, ಬೇಲಿಯ ಹೊರಗಿನಿಂದಲೇ ಫೋಟೋ ತೆಗೆದಿಡಿ. ಬಿರುಕು ಎರಡು ಮೂರು ಮಿ.ಮೀ. ಹಿಗ್ಗಿದ್ದು ಕಂಡರೆ ಕಾಯಬೇಡಿ, ಆರ್ಚ್‌ಡೀಕನ್‌ರಿಗೆ ಫೋನ್ ಮಾಡಿಸಿ. ಅಪಾಯದ ಸ್ಥಿತಿಯಲ್ಲಿ ತಾತ್ಕಾಲಿಕವಾಗಿ ಮರದ ಆಸರೆ ಕೊಡಿಸಲು ಅವರು ಬೇಗ ಒಪ್ಪಿಗೆ ಕೊಡಬಲ್ಲರು.